ಕೊನೆಯ ಪಂಕ್ತಿಯ ಊಟ

ಅನ್ನ ಸಾರಿನ ತಳವನ್ನು ನಾನು ಒಬ್ಬಳೇ ಕೂತು ಉಂಡದ್ದು ಸುಮಾರು ಎರಡು ವರ್ಷ. ಜೆ.ಪಿ. ನಗರದ ನಮ್ಮ ಪ್ರಾರ್ಥನಾ ಮಂದಿರದ ಕೆಳಗಿನ ಹಾಲ್‌ನಲ್ಲಿ ಭಾನುವಾರದ ಸಭೆ, ಊಟ ಎಲ್ಲ ಮುಗಿದ ಮೇಲೆ ಅಡುಗೆಮನೆಯ ನೆಲದ ಮೇಲೆ ನನ್ನ ತಟ್ಟೆ ಇಟ್ಟುಕೊಳ್ಳುತ್ತಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ. ಅದು ನಾವೇ ಮಾಡಿಕೊಂಡ ನಿಯಮ.

ನಾವು ಎಂದರೆ ಮೂವರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅಕ್ಕ, ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದ ವಕೀಲರು, ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡಿದ್ದ ನಾನು. ಮೂವರೂ ಶರಣರನ್ನು ನಂಬಿದ ಮನೆಗಳವರು. ವಿಭೂತಿ ಹಚ್ಚಿಕೊಂಡು ಮನೆಯಲ್ಲಿ ಕೂತರೆ ಧರ್ಮವಾಗಿಬಿಡುತ್ತದೆಯೇ ಎಂದು ಅಕ್ಕ ಒಂದು ದಿನ ನಮ್ಮಿಬ್ಬರನ್ನೂ ಗದರಿದರು. ನಮ್ಮ ಸಂಸ್ಥೆ ಶುರುವಾದದ್ದು ಆ ಬೈಗುಳದಿಂದ. ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು, ಗೇಟು ಕಾಯುವವರು ಭಾನುವಾರದ ಸಭೆಗೆ ಬಂದು ತಮ್ಮ ತಕರಾರು ಹೇಳುತ್ತಿದ್ದರು. ಅವರ ಜೊತೆ ಹೋಗಿ ನಾವು ಮಾತಾಡುತ್ತಿದ್ದೆವು, ಬೇಕಾದರೆ ಜಗಳವನ್ನೂ ಆಡುತ್ತಿದ್ದೆವು. ಜಗಳ ನನ್ನ ಪಾಲಿನದು. ನನಗೆ ಮೂಗಿನ ತುದಿಯಲ್ಲೇ ಕೋಪ.

ಊಟದ ನಿಯಮವೂ ಅಕ್ಕನದೇ. “ಮುಂದೆ ನಿಂತು ನಡೆಸೋರು ಬಡಿಸ್ಬೇಕು, ಕೊನೇಲಿ ಉಣ್ಬೇಕು. ಉಳಿದ್ರೆ ಉಂಟು, ಇಲ್ದಿದ್ರೆ ಇಲ್ಲ.” ಒಮ್ಮೆ ವಕೀಲರು ಹಸಿವು ತಡೆಯದೆ ಹಾಲ್‌ನ ಪಂಕ್ತಿಯಲ್ಲೇ ಕೂತು ಉಂಡುಬಿಟ್ಟರು. ಆಮೇಲೆ ಅಡುಗೆಮನೆಗೆ ಬಂದರೆ ಅಕ್ಕ ಒಳಗೆ ಬಿಡಲಿಲ್ಲ. “ಉಂಡಾಯ್ತಲ್ಲ, ಇಲ್ಲೇನ್ ಕೆಲ್ಸ ನಿಮ್ಗೆ?” ಪಾಪ, ಬಾಗಿಲಲ್ಲೇ ನಿಂತು ನಮ್ಮ ಮಾತು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಅನ್ನವಲ್ಲ, ಆ ಹರಟೆ. ಸಂಸ್ಥೆಯ ಎಲ್ಲ ತೀರ್ಮಾನಗಳೂ ಆದದ್ದು ಅಲ್ಲೇ, ಸೀದ ಅನ್ನ ಕೆರೆಯುತ್ತಾ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾ. ನನ್ನ ಬದುಕಿನಲ್ಲಿ ನಾನು ಅಷ್ಟು ನಕ್ಕದ್ದು ಬೇರೆಲ್ಲೂ ಇಲ್ಲ.

ವಕೀಲರು ತೀರಿಕೊಂಡರು. ಅಕ್ಕನಿಗೆ ಮರೆವಿನ ಕಾಯಿಲೆ ಬಂತು. ತಮ್ಮನ ಮಗ ತಲಘಟ್ಟಪುರದ ಮನೆಗೆ ಕರೆದುಕೊಂಡು ಹೋದ. ನೋಡಲು ಹೋದರೆ, “ಊಟ ಆಯ್ತಾ?” ಎಂದು ಕೇಳುತ್ತಾರೆ. ನಾನು ಯಾರು ಎಂದು ಗೊತ್ತಾಗುವುದಿಲ್ಲ.

ಆಮೇಲೆ ನಾನು ಒಬ್ಬಳೇ. ಹಾಲ್‌ನಲ್ಲಿ ನೂರು ಮಾತು ನಡೆಯುತ್ತಿತ್ತು, ನಾನು ಒಳಗೆ ಬಂದು ತಟ್ಟೆ ಇಟ್ಟುಕೊಂಡರೆ ನಲ್ಲಿ ತೊಟ್ಟಿಕ್ಕುವುದು ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಹೊರಗೆ ಹೋಗಿ ಅವರ ಜೊತೆ ಕೂತು ಉಣ್ಣಬಹುದಿತ್ತು. ಅಕ್ಕನ ನಿಯಮ ಮುರಿಯಲು ಮನಸ್ಸು ಬರಲಿಲ್ಲ. ಒಂಟಿತನಕ್ಕಿಂತ ಹೆಚ್ಚಾಗಿ ಒಂದು ಭಯವೂ ಇತ್ತು. ನಾನೂ ಹೋದ ಮೇಲೆ ಈ ಬಾಗಿಲು ತೆಗೆಯುವವರು ಯಾರು? ಮಂದಿರದ ಹಿರಿಯರನ್ನು ಕೇಳಿದೆ, ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದೆ. ಎಲ್ಲರೂ ನನ್ನನ್ನು ಬಾಯ್ತುಂಬ ಹೊಗಳಿ ಜಾರಿಕೊಂಡರು.

ಕೊನೆಗೆ ಬೇಗೂರಿನ ಹೆಂಗಸೊಬ್ಬಳನ್ನು ಕೇಳಿದೆ. ಬಿಟಿಎಂ ಲೇಔಟ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುತ್ತಿದ್ದವಳು. ಅಲ್ಲಿ ಕೆಲಸದವರಿಗೆ ಟಾಯ್ಲೆಟ್ ಇರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ತಡೆದುಕೊಂಡು ತಡೆದುಕೊಂಡು ಅವಳು ಜ್ವರ ಬಂದು ಮಲಗಿದ್ದಳು. ಎದ್ದವಳೇ ಕೆಲಸದ ಹೆಂಗಸರನ್ನೆಲ್ಲ ಒಂದು ಬೆಳಿಗ್ಗೆ ಗೇಟಿನ ಹೊರಗೆ ನಿಲ್ಲಿಸಿದಳು. ನಾನು ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಹೋಗಿದ್ದೆ, ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಅವತ್ತೇ ಬೇಸ್‌ಮೆಂಟಿನ ಟಾಯ್ಲೆಟ್ಟಿನ ಬೀಗ ತೆಗೆದರು.

“ನನ್ನ ಜೊತೆ ಸೇರ್ಕೊಂಡು ನಡೆಸ್ತೀಯಾ?” ಎಂದೆ.

“ಯೋಚ್ನೆ ಮಾಡಿ ಹೇಳ್ತೀನಿ ಮೇಡಂ,” ಎಂದಳು. ವಾರಗಳು ಕಳೆದವು. ಇವಳೂ ಜಾರಿಕೊಂಡಳು ಎಂದು ಒಳಗೊಳಗೇ ಕುದಿದೆ.

ಒಂದು ಭಾನುವಾರ ಸಭೆ ಮುಗಿಯುತ್ತಿದ್ದಂತೆ ಅವಳು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. “ಇವತ್ತು ನೀವು ಕೂತ್ಕೊಳ್ಳಿ ಮೇಡಂ. ನಾವು ಬಡಿಸ್ತೀವಿ.” ಹಿಂದೆ ಅನ್ನದ ಬೇಸಿನ್ ಹಿಡಿದು ಇನ್ನೊಬ್ಬ ಮನೆಗೆಲಸದಾಕೆ, ಮಜ್ಜಿಗೆ ಹಿಡಿದು ಒಬ್ಬ ಸೆಕ್ಯೂರಿಟಿಯವರು. ಯೋಚನೆ ಮಾಡುತ್ತೇನೆ ಎಂದವಳು ಜೊತೆಗೆ ಜನವನ್ನೂ ಹುಡುಕಿಕೊಂಡಿದ್ದಳು.

ಹಾಲ್‌ನ ಪಂಕ್ತಿಯಲ್ಲಿ ಕೂತೆ. ಅಷ್ಟು ಹೊತ್ತು ಕಿಲಕಿಲ ಎನ್ನುತ್ತಿದ್ದ ಅಕ್ಕಪಕ್ಕದ ಹೆಂಗಸರು ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಏನಾದರೂ ಮಾತಾಡೋಣವೆಂದು ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದೆ. “ಹೂಂ ಮೇಡಂ,” ಎಂದರು. ಬೇಗೂರಿನವಳು ಬಂದು, “ಇನ್ನೊಂಚೂರ್ ಹಾಕ್ಲಾ?” ಎಂದಳು. ಅಕ್ಕ ಎಲ್ಲರನ್ನೂ ಕೇಳುತ್ತಿದ್ದ ಹಾಗೆಯೇ ಕೇಳಿದಳು.

ಉಂಡು, ಹೊರಗಿನ ನಲ್ಲಿಯಲ್ಲಿ ತಟ್ಟೆ ತೊಳೆದು, ಇಡಲು ಅಡುಗೆಮನೆಗೆ ಹೋದೆ. ನೆಲದ ಮೇಲೆ ಮೂವರೂ ಕೂತಿದ್ದರು. ಸೆಕ್ಯೂರಿಟಿಯವರು ಏನೋ ಹೇಳುತ್ತಿದ್ದರು, ಹೆಂಗಸರಿಬ್ಬರೂ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿದ್ದೇ ತಡ, ಮೂವರೂ ಎಂಜಲು ಕೈಯಲ್ಲೇ ಎದ್ದು ನಿಂತರು.

“ಬನ್ನಿ ಮೇಡಂ, ಕೂತ್ಕೊಳ್ಳಿ.”

“ನಂದು ಊಟ ಆಯ್ತಲ್ಲ,” ಎಂದೆ. “ಏನ್ ಅಷ್ಟೊಂದ್ ನಗ್ತಿದ್ರಿ?”

“ಏನಿಲ್ಲ ಮೇಡಂ, ಸುಮ್ನೆ.”

ತಟ್ಟೆಯನ್ನು ಸ್ಟ್ಯಾಂಡಿನಲ್ಲಿಟ್ಟೆ. “ಕೂತ್ಕೊಂಡ್ ಉಣ್ಣಿ, ಅನ್ನ ಆರುತ್ತೆ,” ಎಂದು ಹೊರಗೆ ಬಂದು ಬಾಗಿಲು ಮುಂದೆ ಎಳೆದುಕೊಂಡೆ. ನಾನು ಬಯಸಿದ್ದು ಇದನ್ನೇ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅವತ್ತು ಬಾಗಿಲಲ್ಲೇ ನಿಂತಿದ್ದ ವಕೀಲರೂ ನೆನಪಾದರು. ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗೆ ಮತ್ತೆ ನಗು ಶುರುವಾಯಿತು. ಹಾಕಿಕೊಂಡ ಚಪ್ಪಲಿಯನ್ನು ಬಿಚ್ಚಿ, ಇನ್ನೊಮ್ಮೆ ನಿಧಾನವಾಗಿ ಹಾಕಿಕೊಂಡೆ.