ಕಂಬದ ದೀಪ ಬಿದ್ದ ಬಯಲು

ಬೆಳಕು ಹರಿಯುವ ಮೊದಲು ಕಸ್ತೂರೆಮ್ಮ ಒಲೆಯ ಬೂದಿ ತೆಗೆಯುತ್ತಾಳೆ, ಅಂಗಳ ಗುಡಿಸಿ ನೀರು ಚಿಮುಕಿಸುತ್ತಾಳೆ, ಹಿತ್ತಲಿನಲ್ಲಿ ರಾತ್ರಿಯ ಭಾಂಡೆ ತಿಕ್ಕುತ್ತಾಳೆ, ಎಮ್ಮೆ ಹಿಂಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಕುಕನೂರಿನ ಕಾಲೇಜಿಗೆ ಹೋಗುವ ಮಗಳು ಸಹನಾಳ ಡಬ್ಬಿ ಕಟ್ಟುತ್ತಾಳೆ. ಇಷ್ಟು ಮನೆಯದು. ಇನ್ನು ಕಂಬದ್ದು. ಗೇಟಿನ ಬೀಗ ತೆಗೆಯಬೇಕು, ಜನರೇಟರಿನಲ್ಲಿ ಡೀಸೆಲ್ ಎಷ್ಟಿದೆ ನೋಡಬೇಕು, ಕಂಬವನ್ನು ಸುತ್ತಲಿಂದ ಬಿಗಿದು ನಿಲ್ಲಿಸಿರುವ ಉಕ್ಕಿನ ತಂತಿಗಳ ಬುಡಕ್ಕೆ ಯಾರಾದರೂ ಆಡು ಕಟ್ಟಿದ್ದರೆ ಬಿಚ್ಚಿ ಓಡಿಸಬೇಕು, ಕತ್ತೆತ್ತಿ ತುದಿಯ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ಆಮೇಲೆ ಗಂಡನನ್ನು ಎಬ್ಬಿಸಬೇಕು. ಪಕ್ಕೀರಪ್ಪ ಹಾಸಿಗೆಯಲ್ಲೇ ಕೂತು ಕೊಪ್ಪಳದ ಆಫೀಸಿಗೆ ಫೋನ್ ಹಚ್ಚಿ, "ಎಲ್ಲಾ ಛಲೋ ಐತ್ರಿ ಸರ, ಈಗ ನೋಡಿ ಬಂದೆ" ಎನ್ನುತ್ತಾನೆ. ವಾಚಮನ್ ಕೆಲಸ ಇರುವುದು ಅವನ ಹೆಸರಿನಲ್ಲಿ.

ಕುಕನೂರಿನಿಂದ ಯಲಬುರ್ಗಾ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಎರೆಹೊಲಗಳ ನಡುವೆ ಈ ರೇಡಿಯೊ ಕಂಬ ನಿಂತಿದೆ. ಬಸ್ಸಿನಲ್ಲಿ ಬರುವವರಿಗೆ ಊರಿಗಿಂತ ಮೊದಲು ಅದೇ ಕಾಣುತ್ತದೆ. ಅದರ ಕಾಂಪೌಂಡಿನ ಮೂಲೆಯಲ್ಲಿ ವಾಚಮನ್ನನ ಎರಡು ಕೋಣೆಯ ಮನೆ. ಪಕ್ಕೀರಪ್ಪನಿಗೆ ಕಂಬದ್ದೇ ಜಂಬ. ದುರಗೇಶನ ಚಹಾದಂಗಡಿಯಲ್ಲಿ ದಿನವೂ ಅದೇ ಮಾತು.

"ಈಗ ಎಲ್ಲಾದ್ರಕಿಂತ ಎತ್ತರ ದುಬೈದಾಗಿಂದು ಅಂತಾರ, ಆದ್ರ ಅದು ಬರೇ ಕಟ್ಟಡ. ಕಂಬದ ಮಾತೇ ಬ್ಯಾರೆ. ಒಂದ್ ಕಾಲಕ್ಕ ಜಗತ್ತಿನಾಗ ಎಲ್ಲಾದ್ರಕಿಂತ ಎತ್ತರದ್ದು ಪೋಲೆಂಡ್ ದೇಶದಾಗಿನ ರೇಡಿಯೊ ಕಂಬ. ನಮ್ಮದರಂಗ ತಂತಿ ಮ್ಯಾಲ ನಿಂತಿತ್ತು. ತಂತಿ ಬದಲಿ ಮಾಡಾಕ ಹೋಗಿ ಕೆಡವಿಕೊಂಡ್ರು."

"ನಿನ್ನ ಕಂಬದ ತಂತಿ ಯಾರು ನೋಡ್ತಾರ?" ದುರಗೇಶ ಕೇಳಿದ.

"ನಾನ! ಮತ್ಯಾರು?"

"ಹಂಗಾರ ನಸುಕಿನ್ಯಾಗ ಆಡು ಬಿಚ್ಚುವಾಗ ನಿನಗ ಸೀರಿ ಯಾರು ಉಡಸ್ತಾರೋ?"

ಅಂಗಡಿಯೆಲ್ಲ ನಕ್ಕಿತು. ಪಕ್ಕೀರಪ್ಪನೂ ನಕ್ಕ. ಅವನಿಗೆ ಅದರಿಂದ ಅವಮಾನವೇನೂ ಆಗಲಿಲ್ಲ.

ಹೋದ ವರ್ಷ ಕಂಬದ ಬುಡದ ತಾಮ್ರದ ಪಟ್ಟಿಯನ್ನು ಯಾರೋ ಕಿತ್ತೊಯ್ದರು. ಇಂಜಿನಿಯರ್ ಪ್ರವೀಣಕುಮಾರ ಕ್ಯಾಮೆರಾವನ್ನೂ ದೊಡ್ಡದೊಂದು ಫೋಕಸ್ ದೀಪವನ್ನೂ ಹಾಕಿಸಲು ಬಂದ. ದೀಪದ ಮುಖ ರಸ್ತೆಯ ಕಡೆಗಿರಲೋ ಹಿಂದಕ್ಕಿರಲೋ ಎಂದು ಕೇಳಿದಾಗ ಪಕ್ಕೀರಪ್ಪ ಎಲೆಅಡಿಕೆ ತರಲು ಹೋಗಿದ್ದ. ಚಹಾ ತಂದ ಕಸ್ತೂರೆಮ್ಮ ಬಾಯಿ ಹಾಕಿದಳು.

"ಹಿಂದಕ್ಕ ಹಾಕ್ರಿ ಸರ. ಕಳ್ಳರು ಅತ್ತಾಗಿಂದನ ಬರ್ತಾರ."

ಕಳ್ಳರು ರಸ್ತೆಯಿಂದ ಗಾಡಿಯಲ್ಲಿ ಬಂದಿದ್ದರು. ಗಾಲಿಯ ಗುರುತನ್ನು ಮೊದಲು ನೋಡಿದವಳೂ ಅವಳೇ. ಆದರೆ ಹಿಂದೆ ಅವಳ ಹಿತ್ತಲಿತ್ತು. ಅಲ್ಲಿ ಕತ್ತಲಲ್ಲಿ ಭಾಂಡೆ ತಿಕ್ಕುವಾಗ ಒಡೆದ ಗಾಜಿಗೆ ಬೆರಳು ಕೊಯ್ದುಕೊಂಡಿದ್ದಳು, ಕಟ್ಟಿಗೆ ಎತ್ತುವಾಗ ಚೇಳು ಕಡಿಸಿಕೊಂಡಿದ್ದಳು. ಹಿತ್ತಲಿಗೊಂದು ಬಲ್ಬು ಹಾಕಿಸು ಎಂದು ಗಂಡನಿಗೆ ಹೇಳಿ ಹೇಳಿ ಸಾಕಾಗಿತ್ತು.

ದೀಪ ಹತ್ತಿದ ಮೊದಲ ನಸುಕಿನಲ್ಲಿ ಅವಳಿಗೆ ಹಬ್ಬ. ಎಮ್ಮೆಯ ಕೆಚ್ಚಲು ಕಾಣುತ್ತಿತ್ತು, ಹಿಟ್ಟಿನಲ್ಲಿ ಹುಳು ಇದ್ದರೆ ಕಾಣುತ್ತಿತ್ತು. ಆ ಬೆಳಕು ಬೇಲಿ ದಾಟಿ ಜಾಲಿಗಿಡಗಳ ಬಯಲಿನ ತುಂಬ ಬಿದ್ದಿದ್ದನ್ನು ಅವಳು ನೋಡಿದಳು. ನೋಡಿಯೂ ಏನೂ ಅನ್ನಿಸಲಿಲ್ಲ.

ಕಾಂಪೌಂಡಿನ ಪಕ್ಕದ ಓಣಿಯ ಹೆಂಗಸರು ನಸುಕಿನಲ್ಲಿ ಚೊಂಬು ಹಿಡಿದು ಹೋಗುವುದು ಅದೇ ಬಯಲಿಗೆ. ಮನೆಗಳಿಗೆ ಪಾಯಖಾನೆ ಕಟ್ಟಿಕೊಟ್ಟಿದ್ದಾರೆ. ಆದರೆ ನೀರು ಕಂಬದ ಗೇಟಿನ ನಲ್ಲಿಯಿಂದಲೇ ಬರಬೇಕು, ಹೊತ್ತು ತಂದ ಕೊಡವನ್ನು ಅಲ್ಲಿ ಸುರಿಯಲು ಯಾವ ಸೊಂಟಕ್ಕೂ ಮನಸ್ಸಾಗುವುದಿಲ್ಲ. ಕೆಲವು ಪಾಯಖಾನೆಗಳಲ್ಲಿ ಉರುವಲಿನ ಕುಳ್ಳು, ಇನ್ನು ಕೆಲವುಗಳಲ್ಲಿ ಕೋಳಿ. ಗಂಡಸರಿಗೆ ಹಗಲೂ ನಡೆಯುತ್ತದೆ. ಹೆಂಗಸರಿಗೆ ಕತ್ತಲೇ ಬೇಕು. ಒಬ್ಬರನ್ನೊಬ್ಬರು ಕೂಗಿ ಎಬ್ಬಿಸಿ, ಗುಂಪಾಗಿ ಹೋಗಿ, ಅತ್ತೆಯರ ಮೇಲೂ ಗಂಡಂದಿರ ಮೇಲೂ ಮಾತಾಡಿ ನಕ್ಕು ಬರುವ ಆ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಅವರ ಕೈಯಲ್ಲಿ ಯಾರ ಕೆಲಸವೂ ಇರುತ್ತಿರಲಿಲ್ಲ. ಕಸ್ತೂರೆಮ್ಮನೂ ಮೊದಲು ಹೋಗುತ್ತಿದ್ದಳು. ಕಾಂಪೌಂಡಿನೊಳಗೆ ಇಂಜಿನಿಯರುಗಳಿಗೆಂದು ಕಟ್ಟಿದ ಪಾಯಖಾನೆಯ ಬೀಗದ ಕೈ ಸಿಕ್ಕ ಮೇಲೆ ಬಿಟ್ಟಿದ್ದಳು. ತನಗೆ ಕತ್ತಲು ಬೇಡವಾದ ಮೇಲೆ ಬೇಕಾದವರು ಇದ್ದಾರೆಂಬುದೇ ಅವಳಿಗೆ ಮರೆತಿತ್ತು.

ಹೆಂಗಸರು ಹಳೆಯ ಕಲ್ಲು ಕ್ವಾರಿಯ ಕಡೆ ಹೋಗತೊಡಗಿದರು. ಬಸುರಿ ರೇಣುಕಾ ಅಷ್ಟು ದೂರ ನಡೆಯಲಾರದೆ ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಕಸ್ತೂರೆಮ್ಮನ ಹೆರಿಗೆ ಮಾಡಿಸಿದ್ದ ಮುದುಕಿ ಮಾರೆವ್ವ ಕ್ವಾರಿಯ ಅಂಚಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು.

ಕಸ್ತೂರೆಮ್ಮ ರೊಟ್ಟಿ, ಪುಂಡಿಪಲ್ಯ ಒಯ್ದಳು. ತುತ್ತು ಮಾಡಿ ತಾನೇ ತಿನ್ನಿಸಿದಳು. ಪಕ್ಕದ ಮನೆಯ ಬಾಷಾಬಿಯೂ ಅಲ್ಲೇ ಕೂತಿದ್ದಳು.

"ಆ ದೀಪ ಇತ್ತಾಗ ತಿರುಗಿಸಿದ ಕೈ ಸೇದಿ ಹೋಗ್ಲಿ," ಎಂದಳು ಮಾರೆವ್ವ, ರೊಟ್ಟಿ ಅಗಿಯುತ್ತ.

"ಗಂಡಸರ ಬುದ್ಧಿ ಅಷ್ಟ ಬೇ," ಎಂದಳು ಬಾಷಾಬಿ. "ಮ್ಯಾಲ ನೋಡಿ ನೋಡಿ ಕೆಳಗಿನವರು ಕಾಣಂಗಿಲ್ಲ ಅವರಿಗೆ."

ಮಾರೆವ್ವ ಕಸ್ತೂರೆಮ್ಮನ ಮುಖ ನೋಡಿದಳು. "ನೀ ಯಾಕ ಮಾರಿ ಸಣ್ಣ ಮಾಡ್ತಿ? ನೀನರ ಏನ್ ಮಾಡ್ತಿ, ನಿನ್ನ ಕೈಯಾಗ ಏನೈತಿ ಪಾಪ."

ಕಸ್ತೂರೆಮ್ಮ ಮುಂದಿನ ತುತ್ತು ಮಾಡಿದಳು. ಅದನ್ನು ಮುದುಕಿಯ ಬಾಯಿಗಿಟ್ಟಳು.

ಮರುದಿನ ನಸುಕಿನಲ್ಲಿ ಅವಳು ಸ್ವಿಚ್ ಒತ್ತಿ ದೀಪ ಆರಿಸಿದಳು. "ಕರೆಂಟ್ ಹೋತು ನೋಡ್ರೇ, ಬರ್ರಿ ಲಗೂನ!" ಎಂದು ಬಾಷಾಬಿ ಕೂಗುವುದೂ ಬಯಲಿನಲ್ಲಿ ಬಳೆ ಸದ್ದಾಗುವುದೂ ಕೇಳಿಸಿತು. ಅಷ್ಟರಲ್ಲಿ ಪಕ್ಕೀರಪ್ಪನ ಫೋನ್ ಹೊಡೆದುಕೊಂಡಿತು. ಕೊಪ್ಪಳದಲ್ಲಿ ಕ್ಯಾಮೆರಾ ನೋಡುವವರಿಗೆ ಹಿಂಬದಿ ಕತ್ತಲಾಗಿತ್ತು. ಅವನು ಬಂದು ಸ್ವಿಚ್ ಒತ್ತಿದ. ಬಯಲಿನಿಂದ ಒಂದೇ ಸಲ ಚೀರಿದ ದನಿಗಳು ಬಂದವು, ಆಮೇಲೆ ಓಡುವ ಸಪ್ಪಳ. ಕಸ್ತೂರೆಮ್ಮ ಬೇಲಿಯ ಕಡೆ ತಿರುಗಲಿಲ್ಲ.

"ಸಾಹೇಬ್ರಿಗೆ ಹೇಳಿ ದೀಪ ರಸ್ತೆ ಕಡೆ ತಿರುವಸ್ರಿ," ಎಂದಳು ಗಂಡನಿಗೆ.

"ಯಾಕಂತ ಕೇಳಿದ್ರ?"

"ಹೆಣ್ಮಕ್ಕಳು ಹೊರಗ ಹೋಗ್ತಾರ ಅಂತ ಹೇಳ್ರಿ."

"ಅಂಥಾ ಮಾತು ಸಾಹೇಬ್ರ ಮುಂದ ಹೆಂಗ ಆಡ್ಲಿ? ನಾಚಿಕಿ ಬ್ಯಾಡ?"

ದೀಪ ಅಲ್ಲಿಗೆ ಬಂದದ್ದು ಯಾರ ಮಾತಿನಿಂದ ಎಂದು ಅವನಿಗೂ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಆ ವಾರವೇ ಪ್ರವೀಣಕುಮಾರ ಕಂಬ ನೋಡಲು ಬಂದ. ಗೇಟಿನ ನಲ್ಲಿಯ ಹತ್ತಿರ ಕೊಡಗಳ ಸಾಲಿತ್ತು. ಬಾಷಾಬಿ, ರೇಣುಕಾ, ಎಡಗೈಯಲ್ಲಿ ಸಣ್ಣ ಬಿಂದಿಗೆ ಹಿಡಿದ ಮಾರೆವ್ವ ಪಾಳಿಗೆ ನಿಂತಿದ್ದರು. ಇಂಜಿನಿಯರ್ ಮನೆಯ ಕಟ್ಟೆಯ ಮೇಲೆ ಕೂತು ಕಸ್ತೂರೆಮ್ಮನನ್ನು ನೋಡಿ ನಕ್ಕ.

"ಏನಮ್ಮಾ, ಹಿತ್ತಲದಾಗ ಈಗ ಬೆಳಕು ಛಲೋ ಬೀಳ್ತೈತಿಲ್ಲ?"

ಅವನಿಗೆ ನೆನಪಿತ್ತು. ಕಳ್ಳರ ಮಾತನ್ನು ಅವನು ನಂಬಿರಲೂ ಇಲ್ಲ ಎಂದು ಅವಳಿಗೆ ಆಗ ತಿಳಿಯಿತು.

"ದೀಪದ್ದೇನರ ತಕರಾರು ಐತೇನು?" ಅವನು ಪಕ್ಕೀರಪ್ಪನನ್ನು ಕೇಳಿದ.

"ಏನಿಲ್ರಿ ಸರ, ಭಾಳ ಛಲೋ ಐತಿ. ಏ, ಸಾಹೇಬ್ರಿಗೆ ಚಾ ಮಾಡು."

ಒಳಗೆ ಅವಳು ಒಬ್ಬಳೇ. ಗ್ಯಾಸ್ ಹಚ್ಚಿ ಹಾಲು, ನೀರು ಬೆರೆಸಿ ಇಟ್ಟಳು. ಇಂಜಿನಿಯರನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಆತ ಕೆಟ್ಟವನಲ್ಲ, ಸಂಜೆಯೊಳಗೆ ತಿರುಗಿಸಿ ಹೋಗುತ್ತಿದ್ದ. ವಾಚಮನ್ನನ ಹೆಂಡತಿ ಪುಣ್ಯ ಕಟ್ಟಿಕೊಂಡಳು ಎಂದು ಓಣಿಯವರು ಹೇಳುತ್ತಿದ್ದರು. ಮಾರೆವ್ವ ಎಡಗೈಯಿಂದಲೇ ಅವಳ ಗಲ್ಲ ಸವರಿ ಲಟಿಗೆ ಮುರಿಯುತ್ತಿದ್ದಳು. ದೀಪ ಹಿಂದಕ್ಕೆ ಹಾಕಿಸಿದವಳೂ ಇವಳೇ ಎಂದು ಅವರಾರಿಗೂ ಗೊತ್ತಾಗುತ್ತಿರಲಿಲ್ಲ. ಮುದುಕಿ ಶಾಪ ಹಾಕಿದಾಗಲೂ ಕಸ್ತೂರೆಮ್ಮನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಗ್ಯಾಸ್ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ಕಟ್ಟೆಯನ್ನು ದಾಟಿ ನೇರ ನಲ್ಲಿಯ ಹತ್ತಿರ ಹೋದಳು.

"ಏ, ಚಾ ಎಲ್ಲೇ?" ಎಂದ ಪಕ್ಕೀರಪ್ಪ.

ಅವಳು ಹೆಂಗಸರ ನಡುವೆ ನಿಂತು ತಿರುಗಿದಳು. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.

"ಸರ, ಇಲ್ಲೇ ಬರ್ರಿ. ದೀಪ ಹಿಂದಕ್ಕ ಹಾಕ್ರಿ ಅಂತ ನಿಮಗ ಹೇಳಿದಾಕಿ ನಾನ. ಅದನ್ನ ಯಾಕ ತಗೀಬೇಕು ಅಂತ ಇವರ ಮುಂದನ ಹೇಳ್ತೀನಿ, ಕೇಳ್ರಿ."