ಮಿತಿರಾಯರ ಮೊದಲ ಸಾಲು

ಆಂಬುಲೆನ್ಸ್ ಕರೆ ಕೇಂದ್ರದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರಿಗೆ ನಾವಿಟ್ಟ ಹೆಸರು ಮಿತಿರಾಯರು. ಯಾವ ಪ್ರೋಗ್ರಾಂ ಬಂದರೂ, ಅದು ಇಷ್ಟೇ ಮೆಮೊರಿ ಬಳಸಬೇಕೆಂದು ಗೆರೆ ಎಳೆಯದೆ ಅವರು ಒಳಗೆ ಬಿಡುವುದಿಲ್ಲ. ಏನೂ ಕೇಳದೆ ಬಂದದ್ದಕ್ಕೂ ಒಂದು ಸಿದ್ಧ ಅಳತೆ ಕಾದಿರುತ್ತದೆ. "ಸ್ವಲ್ಪ ಜಾಸ್ತಿ ಕೊಡಿ ಸಾರ್" ಎಂದು ಯಾರಾದರೂ ಹಲ್ಲು ಗಿಂಜಿದರೆ, "ಒಬ್ನೇ ಎಲ್ಲಾ ನುಂಗಿದ್ರೆ ಉಳಿದೋರು ಉಸಿರಾಡೋದು ಬೇಡ್ವೇನಪ್ಪಾ?" ಎನ್ನುತ್ತಾರೆ. ಚಹಾದ ಲೋಟವನ್ನೂ ಮುಕ್ಕಾಲಿಗಿಂತ ಮೇಲೆ ತುಂಬಿಸಿಕೊಳ್ಳುವವರಲ್ಲ. ಲಿಫ್ಟಿನಲ್ಲಿ ನಾಲ್ಕು ಜನ ಕಂಡರೆ ಮೆಟ್ಟಿಲು ಹಿಡಿಯುತ್ತಾರೆ. ಅವರು ರಜೆಯಲ್ಲಿದ್ದಾಗ ಒಮ್ಮೆ ಆ ಮಿತಿಗಳ ಪಟ್ಟಿಯನ್ನು ತೆರೆದು ನೋಡಿದೆ. ಎಲ್ಲರಿಗಿಂತ ಕಡಿಮೆ ಮೆಮೊರಿ ಸಿಕ್ಕಿದ್ದು ಮೊದಲ ಸಾಲಿನಲ್ಲಿದ್ದ ಅವರದೇ ಖಾತೆಗೆ. ಪಕ್ಕದಲ್ಲಿ ಬರೆದಿಟ್ಟಿದ್ದರು: "ನನ್ನ ಪ್ರೋಗ್ರಾಂ ತಾನೇ ಎಂದು ಒಮ್ಮೆ ಮಿತಿ ಹಾಕಿರಲಿಲ್ಲ. ಇದ್ದ ಮೆಮೊರಿಯನ್ನೆಲ್ಲ ಅದೇ ನುಂಗಿತು. ಹನ್ನೊಂದು ನಿಮಿಷ ಒಂದು ಕರೆಯೂ ಒಳಗೆ ಬರಲಿಲ್ಲ."