ಮೊಟ್ಟೆಚಕ್ರದ ಮೂರು ಬೋಲ್ಟು

ಹೋದ ಭಾನುವಾರ ಸುಮ ತನ್ನ ಹೊಸ ಸೈಕಲ್ಲನ್ನು ಹಾಸನದ ಈ ಮನೆಯ ಜಗಲಿಗೆ ತಂದು ಗೋಡೆಗೆ ಒರಗಿಸಿದಳು. ನಾನು ಮೊರ ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆ. ಕಾಯಿಯ ಸೊಗಡಿನ ನಡುವೆ ಚೈನಿನ ಎಣ್ಣೆಯ ವಾಸನೆ ಬಂತು. ತಿರುಗಿ ನೋಡಿದೆ. ಪೆಡಲಿನ ಪಕ್ಕದ ಹಲ್ಲುಚಕ್ರ ದುಂಡಗಿರಲಿಲ್ಲ, ಕೋಳಿಮೊಟ್ಟೆಯ ಹಾಗೆ ಉದ್ದವಾಗಿತ್ತು. ಮೊರ ಜಾರಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು.

"ಹೆದರ್ಕೋಬೇಡ ಅಜ್ಜಿ, ಬಿದ್ದು ಸೊಟ್ಟಗಾಗಿರೋದಲ್ಲ ಇದು. ಬೇಕೂಂತಲೇ ಹಿಂಗೆ ಮಾಡಿರ್ತಾರೆ. ಕಾಲಿಗೆ ಬಲ ಇರೋ ಕಡೆ ಚಕ್ರ ದೊಡ್ಡದು, ಬಲ ಇಲ್ಲದ ಕಡೆ ಚಿಕ್ಕದು," ಎಂದಳು ಸುಮ.

"ಗೊತ್ತು," ಎಂದೆ.

ಅವಳು ನಕ್ಕಳು. ನಗದೆ ಇನ್ನೇನು ಮಾಡಿಯಾಳು? ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಓದಿ, ಇಂದಿಗೂ ಯಾರ ಮುಂದಾದರೂ ರುಜು ಹಾಕಬೇಕಾದರೆ ಬೆವರುವ ಅಜ್ಜಿಗೆ ಇದು ಹೇಗೆ ಗೊತ್ತಿದ್ದೀತು? ಹೇಳೋಣವೆಂದು ಬಾಯಿ ತೆರೆದೆ, ಎಂದಿನಂತೆ ಮುಚ್ಚಿದೆ. ಸಂಜೆ ಅವಳು ಹೊರಟುಹೋದಳು. ಎದುರಿಗೆ ಹೇಳಲಾರದ್ದನ್ನು ಬರೆದಾದರೂ ಇಡೋಣವೆಂದು ಈ ನೋಟುಬುಕ್ಕು ಹಿಡಿದಿದ್ದೇನೆ. ಮಕ್ಕಳೇ, ಇದನ್ನು ನಿಮ್ಮ ತಾತನಿಗೂ ನಾನು ಬಾಯಿಬಿಟ್ಟು ಹೇಳಿದವಳಲ್ಲ.

ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ನಿಮ್ಮ ತಾತನಿಗೆ ಸಿಡುಬಿನ ದಾಕು ಹಾಕುವ ಕೆಲಸ. ದಾಕು ಎಂದರೆ ನಿಮಗೆ ತಿಳಿಯದು. ನನ್ನ ತೋಳಿನ ಮೇಲೆ ಕಾಸಿನಗಲದ ಎರಡು ಕಲೆಗಳಿವೆಯಲ್ಲ, ಚಿಕ್ಕವರಿದ್ದಾಗ ನೀವು ಬೆರಳಿಟ್ಟು ಆಡುತ್ತಿದ್ದಿರಲ್ಲ, ಅದೇ. ಒದ್ದೆ ಬಟ್ಟೆ ಸುತ್ತಿದ ಔಷಧಿಯ ಡಬ್ಬಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಬಿಸಿಲೇರುವುದರೊಳಗೆ ಊರು ಮುಟ್ಟಬೇಕು. ಒಂದು ದಿನ ಹರದನಹಳ್ಳಿಯ ಕಡೆ, ಒಂದು ದಿನ ಅರಕಲಗೂಡಿನ ದಾರಿ, ಇನ್ನೊಂದು ದಿನ ರಾಮನಾಥಪುರದ ತನಕ. ಅವರ ಗಂಟೆ ಕೇಳಿದರೆ ಮಕ್ಕಳು ಹುಲ್ಲಿನ ಬಣವೆಯ ಹಿಂದೆ ಅಡಗುತ್ತಿದ್ದವಂತೆ. ಊರೂರನ್ನು ಹೆದರಿಸುವವರ ಹೆಂಡತಿಯಾದ ನಾನೋ, ಹಾಲಿನವನು ಬಂದರೂ ಬಾಗಿಲ ಸಂದಿಯಿಂದ ಚೊಂಬು ಚಾಚುವವಳು.

ಒಂದು ಮಳೆಗಾಲದ ಕೊನೆಯಲ್ಲಿ ಚನ್ನರಾಯಪಟ್ಟಣದಿಂದ ಬರುವಾಗ ನಿಮ್ಮ ತಾತ ಮೋರಿಯ ಹತ್ತಿರ ಬಿದ್ದರು. ಬಲಮಂಡಿಗೆ ಪೆಟ್ಟಾಯಿತು. ಊತ ಇಳಿಯಿತು, ನೋವು ಇಳಿಯಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇವನು ಸೈಕಲ್ಲು ತುಳಿಯಲಾರ ಎಂದು ಹಾಸನದ ಸಾಹೇಬರಿಗೆ ತಿಳಿದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ಅದೇ ಸಾಹೇಬರು ಸಂಕ್ರಾಂತಿ ಕಳೆದ ಮೇಲೆ ಹಳ್ಳಿಗಳ ತನಿಖೆಗೆ ಬರುವವರಿದ್ದರು. ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಸಂಜೆ ಬಿಸಿ ಹರಳೆಣ್ಣೆ ತಿಕ್ಕುವಾಗ ಮಂಡಿಯೊಳಗೆ ಏನೋ ಕಟಕಟ ಎನ್ನುತ್ತಿತ್ತು. ಅವರು ಸೂರು ನೋಡುತ್ತಿದ್ದರು. ನಾನು ಅವರ ಮುಖ ನೋಡದೆ ಮಂಡಿ ನೋಡುತ್ತಿದ್ದೆ.

ಈ ಗುಟ್ಟು ಗೊತ್ತಿದ್ದದ್ದು ಪೇಟೆಬೀದಿಯ ಸೈಕಲ್ ಶಾಪಿನ ಖಾದರ್ ಸಾಬರಿಗೆ ಮಾತ್ರ. ಸಕಲೇಶಪುರದ ಕಡೆಯ ಕಾಫಿತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹಿಂದಿರುಗುವಾಗ ಬಿಟ್ಟುಹೋದ ಮುರುಕಲು ಸೈಕಲ್ಲೊಂದು ಅವರ ಅಟ್ಟದಲ್ಲಿತ್ತು. ಅದರ ಹಲ್ಲುಚಕ್ರ ಮೊಟ್ಟೆಯಾಕಾರದ್ದು. ಸಾಬರು ಪೆಡಲಿನ ತೋಳಿನ ಸಮೇತ ಅದನ್ನು ಕಳಚಿ, ಮೂರು ಬೋಲ್ಟು ಬಿಚ್ಚಿ, ತುಕ್ಕು ತಿಕ್ಕಿ, ಮತ್ತೆ ಜೋಡಿಸಿ ನಿಮ್ಮ ತಾತನ ಸೈಕಲ್ಲಿಗೆ ಕೂರಿಸಿದರು. "ಬಿಲಾಯ್ತಿ ಮಾಲು ಸಾ. ಕಾಲಿಗೆ ಆರಾಮ್ ಕೊಡ್ತದೆ, ನೋಡ್ತಾ ಇರಿ," ಎಂದರಂತೆ.

ಮಾರನೆಯ ದಿನವೇ ಬಸ್ ನಿಲ್ಲುವ ಕಡೆ ಕೂತವರ ಬಾಯಿಗೆ ಅದು ಸಿಕ್ಕಿತು. "ಏನ್ ಸಾ, ಸೈಕಲ್ಗೂ ದಾಕು ಹಾಕ್ಬುಟ್ರಾ? ಚಕ್ರ ಊದ್ಕಂಡದಲ್ಲಾ!" ಎಂದು ಒಬ್ಬ ಕೂಗಿದನಂತೆ. ನಿಮ್ಮ ತಾತ ಮನೆಗೆ ಬಂದು ತಾವೇ ಅದನ್ನು ಹೇಳಿ ನಕ್ಕರು. ನಕ್ಕು ಏಳಹೋದವರು ಕಂಬ ಹಿಡಿದುಕೊಂಡರು. ಚಕ್ರ ಬದಲಾದ ಮೇಲೆ ನೋವು ಹೆಚ್ಚಾಗಿತ್ತು.

ಇಲ್ಲಿ ಬೀಸುವ ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ದಿನಾ ರಾಗಿ ಬೀಸುವುದು ನಾನು ಮತ್ತು ನಮ್ಮತ್ತೆ, ಎದುರುಬದುರು ಕಾಲು ಚಾಚಿಕೊಂಡು. ಕಲ್ಲಿನ ಗೂಟವನ್ನು ದೂಡುವಾಗ ಕೈಗೆ ಬಲವಿರುತ್ತದೆ, ಎಳೆಯುವಾಗಲೂ ಇರುತ್ತದೆ. ದೂಡುವುದು ಮುಗಿದು ಎಳೆಯುವುದು ಶುರುವಾಗುವ ತಿರುವಿನಲ್ಲಿ ಇರುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಂಡಕಂಡಲ್ಲಿ ಕಾಳು ಸುರಿದು ಕಲ್ಲನ್ನು ನಿಲ್ಲಿಸಿಬಿಡುತ್ತಿದ್ದೆ. ನಮ್ಮತ್ತೆ ಹೇಳುತ್ತಿದ್ದರು: "ಕೈ ಸೋಲೋ ತಾವ ಕಾಳು ಬುಡಬ್ಯಾಡ ಕಣವ್ವ. ಕೈ ಗೆಲ್ಲೋ ತಾವ ಬುಡು." ನಾನು ಕಲಿತ ದೊಡ್ಡ ವಿದ್ಯೆ ಎಂದರೆ ಅದೊಂದೇ ಇರಬೇಕು.

ಒಂದು ಮಧ್ಯಾಹ್ನ ಸೈಕಲ್ಲು ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಿಮ್ಮ ತಾತ ಉಂಡು ಮಲಗಿದ್ದರು, ನಮ್ಮತ್ತೆ ಹೊಳೆಗೆ ಹೋಗಿದ್ದರು. ನಾನು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಎಡಗೈಯನ್ನು ಹಿಂದಿನ ಗಾಲಿಗೆ ಒತ್ತಿಕೊಂಡು, ಬಲಗೈಯಿಂದ ಪೆಡಲನ್ನು ಗೂಟ ತಿರುಗಿಸಿದಂತೆ ತಿರುಗಿಸಿದೆ. ಕಣ್ಣು ಮುಚ್ಚಿದ್ದರೂ ತಿಳಿಯಿತು. ಪೆಡಲು ನೆತ್ತಿಯಲ್ಲಿದ್ದಾಗಲೇ ಅತಿ ಭಾರ. ಕಣ್ಣು ತೆರೆದೆ. ಪೆಡಲು ಮೇಲಕ್ಕೆ ಬಂದಾಗ ಮೊಟ್ಟೆಯೂ ಅದರ ಜೊತೆ ನೆಟ್ಟಗೆ ನಿಲ್ಲುತ್ತಿತ್ತು. ಸಾಬರು ನೋಟಕ್ಕೆ ಚೆಂದವೆಂದು ಎರಡನ್ನೂ ಒಂದೇ ಗೆರೆಗೆ ಹೊಂದಿಸಿದ್ದರು. ಮಂಡಿ ಪೂರ್ತಿ ಮಡಿಸಿರುವ ಜಾಗ ಅದು, ಕಾಲು ಸೋಲುವ ಜಾಗ. ಅಲ್ಲೇ ಕಾಳು ಸುರಿದಿದ್ದರು.

ಆ ದಿನವೇ ಹೇಳಿದ್ದರೆ ಆಗುತ್ತಿತ್ತು. ಸಂಜೆ ಎಣ್ಣೆ ತಿಕ್ಕುತ್ತ, "ಆ ಚಕ್ರ..." ಎಂದೆ.

"ಏನು?" ಎಂದರು.

"ಏನಿಲ್ಲ. ಮುದ್ದೆ ಆರೋಗ್ತದೆ, ಏಳಿ," ಎಂದೆ.

ನನ್ನ ಶೌರ್ಯ ಅಷ್ಟೇ. ಗಂಡಸರ ಯಂತ್ರದ ವಿಷಯದಲ್ಲಿ ಬಾಯಿ ಹಾಕಿ ನಗೆಪಾಟಲಾಗುವೆನೆಂಬ ನಾಚಿಕೆ ಒಂದು ಕಡೆ, ಹೇಳಿದ್ದು ತಪ್ಪಾದರೆ ಇದ್ದ ಮಂಡಿಯೂ ಹೋದೀತೆಂಬ ಭಯ ಇನ್ನೊಂದು ಕಡೆ.

ಮರುದಿನ ಮಧ್ಯಾಹ್ನ ಮತ್ತೆ ಅವರು ಮಲಗಿದ್ದರು. ಬೆಳಗಾದರೆ ಸಾಹೇಬರು ಅರಕಲಗೂಡಿನ ದಾರಿಯ ಹಳ್ಳಿಗೆ ಬರುವ ದಿನ. ನಾನು ಬೀಸುವ ಕಲ್ಲಿನ ಮುಂದಿನಿಂದ ಎದ್ದವಳು ಸೀಟಿನ ಹಿಂದಿನ ಚೀಲದಿಂದ ಸ್ಪ್ಯಾನರ್ ತೆಗೆದೆ. ಚೈನು ಕೆಳಗಿಳಿಸಿ ಮೂರೂ ಬೋಲ್ಟು ಬಿಚ್ಚಿದೆ. ಚಕ್ರದ ಸುತ್ತ ಸಾಲು ತೂತುಗಳಿದ್ದವು. ಚಕ್ರವನ್ನು ಒಂದು ತೂತಿನಷ್ಟು ಸರಿಸಿ ಪೆಡಲು ತಿರುಗಿಸಿ ನೋಡಿದೆ, ಸರಿಬರಲಿಲ್ಲ. ಇನ್ನೊಂದು ತೂತಿನಷ್ಟು ಸರಿಸಿದೆ. ಈಗ ಪೆಡಲು ನೆತ್ತಿಯಲ್ಲಿದ್ದಾಗ ಮೊಟ್ಟೆ ಪಕ್ಕಕ್ಕೆ ಒರಗಿತು. ಪೆಡಲು ಮುಂದಕ್ಕೆ ಬಂದು ಕಾಲು ಒತ್ತುವ ಹೊತ್ತಿಗೆ ಎದ್ದು ನಿಂತಿತು. ಕಾಲು ಗೆಲ್ಲುವ ಜಾಗ ಅದು. ಒಂದು ಬೋಲ್ಟು ಬಿಗಿದೆ, ಎರಡು ಬಿಗಿದೆ, ಮೂರನೆಯದನ್ನು ತಿರುಗಿಸುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ನಮ್ಮತ್ತೆಯ ಕಾಲುಂಗುರ ಸದ್ದಾಯಿತು. ಚೈನು ಏರಿಸಿ, ಸ್ಪ್ಯಾನರನ್ನು ಚೀಲಕ್ಕೆ ತುರುಕಿ, ಒಲೆಯ ಮುಂದೆ ಬಂದು ಕೂತೆ.

ಮೂರನೆಯದನ್ನು ಬಿಗಿದೆನೋ ಇಲ್ಲವೋ?

ಅದು ನೆನಪಿಗೆ ಬರಲಿಲ್ಲ. ಮತ್ತೆ ಹೋಗಿ ನೋಡೋಣವೆಂದರೆ ಅವರು ಎದ್ದಿದ್ದರು, ಸೈಕಲ್ಲು ಒಳಗಿನ ಕೋಣೆ ಸೇರಿತ್ತು. ಬೆಳಗಾಗುತ್ತಲೇ ಡಬ್ಬಿ ಕಟ್ಟಿ ಹೊರಟರು. ನಾನು ಹೊಸ್ತಿಲೊಳಗೆ ನಿಂತಿದ್ದೆ. "ನಿಲ್ಲಿ" ಎಂಬ ಮಾತು ಗಂಟಲಿನ ತನಕ ಬಂತು. ಆದರೆ ಹೊರಟವರನ್ನು ಹಿಂದಿನಿಂದ ಕೂಗಬಾರದು. ಕೂಗಿದರೆ ಹೋದ ಕೆಲಸ ಕೆಡುತ್ತದೆ, ಹೋದವರಿಗೆ ಕೇಡು. ಕೂಗಿದರೂ ಕೇಡು, ಕೂಗದಿದ್ದರೂ ಕೇಡು. ಹಾಗೆ ಯೋಚಿಸುತ್ತಿರುವಾಗಲೇ ಸೈಕಲ್ಲು ಬೀದಿ ತಿರುಗಿತು.

ಅರಕಲಗೂಡಿನ ದಾರಿಯಲ್ಲಿ ಒಂದು ಇಳಿಜಾರಿತ್ತು. ಎರಡೂ ಕಡೆ ಗುಂಡಿ, ಎದುರಿನಿಂದ ಬಸ್ಸು. ಮದುವೆಯಾದ ವರ್ಷ ಕ್ಯಾರಿಯರಿನ ಮೇಲೆ ಕೂತು ಆ ಇಳಿಜಾರನ್ನು ಕಣ್ಣು ಮುಚ್ಚಿಕೊಂಡು ಇಳಿದವಳು ನಾನು. ಆ ದಿನ ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ. ಬೋಲ್ಟು ಉದುರುತ್ತಿತ್ತು, ಚಕ್ರ ಓರೆಯಾಗುತ್ತಿತ್ತು, ಚೈನು ಸಿಕ್ಕಿಕೊಳ್ಳುತ್ತಿತ್ತು. ಹೊಟ್ಟೆಯೊಳಗಿನ ಕೂಸು ಒದ್ದರೆ, ಅದಕ್ಕೂ ತಿಳಿದುಹೋಯಿತೇನೋ ಎಂದು ಬೆಚ್ಚುತ್ತಿದ್ದೆ. ಸೆರಗಿನ ತುದಿಯನ್ನು ಅಗಿದು ಅಗಿದು ನೂಲು ಮಾಡಿದ್ದೆ.

"ಏನವ್ವ, ಕಲ್ಲು ಒಂದು ಕಡೀಕೆ, ನೀನು ಒಂದು ಕಡೀಕೆ ಓಯ್ತಿದ್ದೀಯ? ಇಟ್ಟೆಲ್ಲ ತರಿತರಿ," ಎಂದರು ನಮ್ಮತ್ತೆ. ನನ್ನ ಮುಖ ನೋಡಿ, "ಮೈ ಬಿಸಿ ಐತಾ?" ಎಂದು ಹಣೆ ಮುಟ್ಟಿದರು. ಹಣೆ ತಣ್ಣಗಿತ್ತು.

ದನ ಮನೆಗೆ ಬಂದವು. ಎದುರುಮನೆಯಲ್ಲಿ ದೀಪ ಹಚ್ಚಿದರು. ಆಮೇಲೆ, ಚೈನಿನ ಸದ್ದು. ಮೂಲೆಯಲ್ಲೇ ಇಳಿದು ಕುಂಟುತ್ತ ತಳ್ಳಿಕೊಂಡು ಬರುತ್ತಿದ್ದವರು ಅವತ್ತು ಮೆಟ್ಟಿಲ ತನಕ ತುಳಿದುಕೊಂಡೇ ಬಂದರು.

"ಸಾಬ್ರ ಚಕ್ರ ಈಗ ಒಗ್ಗೈತೆ ಕಣವ್ವ. ಸಾಯೇಬ್ರಿಗಿಂತ ಮುಂಚೇನೆ ಊರು ಮುಟ್ಟಿದ್ದೆ," ಎಂದು ತಾಯಿಗೆ ಹೇಳಿದರು. ನಾನು ಕಾಲಿಗೆ ನೀರು ಕೊಟ್ಟೆ. ಅವರು ನನ್ನ ಕಡೆ ನೋಡದೆ, ಗೋಡೆಗೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು:

"ಇಳಿಜಾರು ತಾವ ಮೂರ್ನೇ ಬೋಲ್ಟು ಕಿತ್ಕಂಡು ಬೀಳೋ ಅಂಗಿತ್ತು. ಸದ್ದು ಕೇಳಿ ಇಳಿದು ಬಿಗಿ ಮಾಡ್ಕಂಡೆ. ಬೋಲ್ಟಿನ ತಲೆ ಮ್ಯಾಲೆ ರಾಗಿ ಇಟ್ಟು ಮೆತ್ಕಂಡಿತ್ತು. ಸಾಬ್ರು ಅಂಗ್ಡೀಲಿ ರಾಗೀನೂ ಬೀಸ್ತಾರೇನೋ."

ಅವರು ಬೈಯಲಿಲ್ಲ, ಕೇಳಲಿಲ್ಲ. ನಾನೂ ಹೇಳಲಿಲ್ಲ. ಮರುದಿನದಿಂದ, ಹೊರಡುವ ಮುಂಚೆ ಸೈಕಲ್ಲನ್ನು ಜಗಲಿಗೆ ತಂದು, ಸ್ಪ್ಯಾನರನ್ನು ಬೀಸುವ ಕಲ್ಲಿನ ಮೇಲಿಟ್ಟು, ಮುಖ ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದರು. ಅವರು ಬರುವುದರೊಳಗೆ ನಾನು ಮೂರೂ ಬೋಲ್ಟು ಬಿಗಿದು ಸ್ಪ್ಯಾನರನ್ನು ಅಲ್ಲೇ ಇಡುತ್ತಿದ್ದೆ. ಆ ಸೈಕಲ್ಲು ಇದ್ದಷ್ಟು ವರ್ಷವೂ ಹೀಗೇ ನಡೆಯಿತು, ಒಂದು ಮಾತೂ ಇಲ್ಲದೆ. ಕೆಲಸ ಕಾಯಂ ಆಯಿತು, ಮಂಡಿ ನಿಧಾನವಾಗಿ ಹಿಡಿತಕ್ಕೆ ಬಂತು. ನೀವೆಲ್ಲ ಬೆಳೆದ ಮನೆ ಆ ಸಂಬಳದಿಂದಲೇ ನಿಂತದ್ದು. ಆದರೆ ನನಗೆ ಕನಸಿನಲ್ಲಿ ಬರುವುದು ಆ ಇಳಿಜಾರೇ. ಬೋಲ್ಟಿನ ಸದ್ದು ಅವರಿಗೆ ಕೇಳಿಸದೆ ಹೋಗಿದ್ದರೆ, ನನ್ನ ಒಂದು ಮಾತಿನ ಜಿಪುಣತನಕ್ಕೆ ಅವರು ಹೋಗುತ್ತಿದ್ದರು.

ಇಷ್ಟು ಬರೆದು ನಿಲ್ಲಿಸಿದ್ದೆ. ಇವತ್ತು ಮತ್ತೆ ಭಾನುವಾರ. ಸುಮ ಬಂದಿದ್ದಳು. ಉಂಡು, ಶಾಂತಿಗ್ರಾಮದ ತನಕ ಹೋಗಿಬರುತ್ತೇನೆಂದು ತಲೆಗೆ ಟೋಪಿ ಕಟ್ಟಿ ಗೇಟು ದಾಟಿದಳು. ನಾನು ಮೊರ ಕೆಳಗಿಟ್ಟೆ.

"ಸುಮಾ, ನಿಲ್ಲು!"

ಎದುರುಮನೆಯವರು ಕಿಟಕಿಗೆ ಬಂದರು. ಅಷ್ಟು ದೊಡ್ಡ ದನಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ.

"ಏನಜ್ಜಿ, ಹೊರಟೋರನ್ನ ಹಿಂದಿನಿಂದ ಕೂಗಬಾರದು ಅಂತ ನೀನೇ ಬೈತಿದ್ದೆ!" ಎನ್ನುತ್ತ ಹಿಂದಕ್ಕೆ ಬಂದಳು.

"ಬೈತಿದ್ದೆ. ಬೋಲ್ಟು ನೋಡಿದ್ಯಾ?"

ಅವಳು ನನ್ನ ಮುಖವನ್ನೇ ನೋಡಿದಳು. ಈ ಸಲ ನಗಲಿಲ್ಲ. ಚೀಲದಿಂದ ಬೋಲ್ಟು ಬಿಗಿಯುವ ಕಡ್ಡಿಯಂಥದೊಂದು ಪುಟ್ಟ ಸಾಮಾನು ತೆಗೆದು ನನ್ನ ಅಂಗೈಲಿಟ್ಟು, ಎಲ್ಲಿ ತೂರಿಸಬೇಕೆಂದು ತೋರಿಸಿದಳು. ನಾಲ್ಕು ಬೋಲ್ಟುಗಳಿದ್ದವು. ನಾಲ್ಕೂ ಬಿಗಿಯಾಗಿಯೇ ಇದ್ದವು. ಆದರೂ ಒಂದೊಂದನ್ನೂ ಮುಟ್ಟಿ, ಒತ್ತಿ ನೋಡಿ, ಹೋಗೆಂದೆ. ನನ್ನ ಬೆರಳಿನ ಅವರೆ ಸೊಗಡು ನಾಲ್ಕರ ಮೇಲೂ ಅಂಟಿತು. ಒರೆಸಬೇಡವೆಂದೂ ಹೇಳಿದೆ, ಬಾಯಿಬಿಟ್ಟು.